ಅಂಬ್ರ್

ಪೀಟರ್‌ಹೆಡ್ಡಿನ ಕೋರ್ಟಿನಲ್ಲಿ ಫ್ಯಾನಿಲ್ಲ.
ಅಪ್ಪ ಬೆಂಚ್ ಕ್ಲಾರ್ಕಾಗಿದ್ದ ದಾವಣಗೆರೆಯ ಸೆಷನ್ಸಿನಲ್ಲಿ
ಇದ್ದದ್ದೇ ಅದು: ಒಂದು ಫ್ಯಾನು, ಒಬ್ಬ ನ್ಯಾಯಾಧೀಶ,
ದಾರ ಬಿಗಿದ ಕಡತ, ಮತ್ತು
ಊಟದ ಹೊತ್ತಿಗೆ ತಿರುಗಿಬೀಳುವ ಸಾಕ್ಷಿ.

ಇಲ್ಲಿ ತೀರ್ಮಾನಿಸುವವರು ಹದಿನೈದು ಜನ.
ಒಬ್ಬಾಕೆ ಮೀನಿನ ಹರಾಜುಕಟ್ಟೆಯಿಂದ ನೇರ ಬಂದವಳು,
ಬೂಟಿನಂಚಿಗೆ ಇನ್ನೂ ಹುರುಪೆ.
ಒಬ್ಬ ಮುದುಕ ಕಿವಿಯ ಯಂತ್ರ ತಿರುವುತ್ತಾನೆ
ನಾನು ಬಾಯಿ ತೆರೆದಾಗಲೆಲ್ಲ.
ಶೆರಿಫ್ ಎಂದರೆ ಇಲ್ಲಿ ಪಿಸ್ತೂಲಿಲ್ಲ, ಕುದುರೆಯಿಲ್ಲ,
ಕುದುರೆಕೂದಲಿನ ಟೋಪನ್ನಷ್ಟೇ ತಲೆಯ ಮೇಲೆ.

ನನ್ನ ಬಲಕ್ಕೆ ಗಂಗೊಳ್ಳಿಯ ಶೀನ ಮೊಗವೀರ.
ಯಾರದೋ ಕೋಟು, ತೋಳು ಗಿಡ್ಡ.
ಆ ರಾತ್ರಿ ಸೀಗಡಿ ದೋಣಿಯ ಕೆಳಗೋಣೆಯಲ್ಲಿ
ಸಲಿಕೆಯಿಂದ ಐಸು ಎಳೆಯುತ್ತಿದ್ದ.
ಮೇಲೆ ಡೆಕ್ಕಿನಲ್ಲಿ ಘಾನಾದ ಕ್ವೇಕು ಬಿದ್ದ,
ತಲೆಗೆ ಒಂಬತ್ತು ಹೊಲಿಗೆ.
ಕಟಕಟೆಯಲ್ಲಿ ಮೇಟ್, ಮರ್ಡೋ ಬುಕನ್,
ತನ್ನ ಅಂಗೈಯನ್ನು ತಾನೇ ಓದುತ್ತ.

ಯಾರು ಹೊಡೆದದ್ದು? ಸರ್ಕಾರಿ ವಕೀಲೆ ಕೇಳಿದಳು.
ಕನ್ನಡಕ್ಕಿಳಿಸಿದೆ.
ಶೀನ ಮೂಗೊರೆಸಿಕೊಂಡು ಹೇಳಿದ:
"ಮೇಟ್ ಹೊಡ್ದ ಅಂಬ್ರ್."

ಅಂಬ್ರ್.
ನಮ್ಮ ಕಡೆ ಅಂತೆ. ಅವರ ಕಡಲಂಚಲ್ಲಿ ಅಂಬ್ರ್.
ಬಾಲದಂಥ ಮಾತು, ಉಸಿರಿಗಿಂತ ಒಂದಿಷ್ಟೇ ದಪ್ಪ.
ಅದಿದ್ದರೆ
ನಾನು ಕೇಳಿದವನು, ಕಂಡವನಲ್ಲ.
ಉದುರಿಹೋದರೆ
ನನ್ನ ಕಣ್ಣೇ ಕಂಡಿದೆ.

ಪೊಲೀಸರ ಕಾಗದದಲ್ಲಿ ಉದುರಿಹೋಗಿತ್ತು.
ಎಲ್ಲೋ ದೂರದಲ್ಲಿ ಫೋನು ಹಿಡಿದು ಕೂತ ದುಭಾಷಿ,
ಆತುರಕ್ಕೋ, ಕುಂದಾಪುರದ ಕನ್ನಡ ಕಿವಿಗೆ ಹತ್ತದೆಯೋ,
ಬಾಲ ಕತ್ತರಿಸಿ ಮೀನು ಕೊಟ್ಟಿದ್ದ: ಮೇಟ್ ಹೊಡೆದ.
ಆ ಮೂರಕ್ಷರಕ್ಕೆ ಜೋತುಬಿದ್ದಿತ್ತು ಮೊಕದ್ದಮೆ.
ಈ ನಾಡಿನ ಕಾನೂನಿಗೆ ಒಂದು ಬಾಯಿ ಸಾಲದು.
ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು;
ಅಜ್ಜಿ ಅಂದದ್ದನ್ನೇ ಇವರು ನಿಯಮ ಮಾಡಿಕೊಂಡಿದ್ದಾರೆ.

ಕ್ವೇಕು ಹಿಂದಿನ ಬೆಂಚಿನಲ್ಲಿ.
ಬೆಳಿಗ್ಗೆಯೇ ಆಣೆಯಿಟ್ಟು ಹೇಳಿಯಾಗಿತ್ತು: ಇವನೇ.
ಈಗ ನನ್ನ ಬಾಯನ್ನೇ ನೋಡುತ್ತಿದ್ದ,
ಅದರೊಳಗಿಂದ ಎರಡನೆಯ ಬಾಯಿ ಹೊರಬರುವುದೆಂದು.

ಎಷ್ಟು ಹೊತ್ತು ಸುಮ್ಮನಿದ್ದೆನೋ.
ಕಡಲಹಕ್ಕಿಗಳು ಚಾವಣಿ ಕೆರೆಯುತ್ತಿದ್ದವು.
ನುಂಗಬಹುದಿತ್ತು. ಒಂದು ಸೊನ್ನೆ, ಒಂದು ಒತ್ತು, ಅಷ್ಟೇ.
ಅವನಿಗೆ ಇಂಗ್ಲಿಷ್ ಬಾರದು. ಅವರಿಗೆ ಅಂಬ್ರ್ ಬಾರದು.

ಮೇಟ್ ಹೊಡೆದನೆಂದು ಬೇರೆಯವರು ಹೇಳಿದ್ದನ್ನು ಕೇಳಿದ್ದೇನೆ,
ಎಂದೆ. ಇಂಗ್ಲಿಷಿನಲ್ಲಿ ಒಂಬತ್ತು ಪದ ಹಿಡಿಯಿತು,
ಹೊಲಿಗೆಯಷ್ಟೇ.
ಎದುರು ವಕೀಲ ಆಗಲೇ ಎದ್ದು ನಿಂತಿದ್ದ.
ಅಂತೆಕಂತೆಗೆ ಇಲ್ಲಿ ಸಂತೆಯಿಲ್ಲ.

ಆಗಿನ್ನೂ ಆ ನಾಡಿನಲ್ಲಿ ತೀರ್ಪುಗಳು ಮೂರಿದ್ದವು:
ಅಪರಾಧಿ, ನಿರಪರಾಧಿ, ಮತ್ತು
ಸಾಬೀತಾಗಿಲ್ಲ.
ಹರಾಜುಕಟ್ಟೆಯ ಹೆಂಗಸು ಎದ್ದು ಮೂರನೆಯದನ್ನು ಹೇಳಿದಳು,
ಮೆತ್ತಗಾದ ಮೀನಿಗೆ ಬೆಲೆ ಕೂಗುವವಳ ಹಾಗೆ,
ಯಾರ ಮುಖವನ್ನೂ ನೋಡದೆ.

ಅಪ್ಪನ ಕೋರ್ಟಿನಲ್ಲಿ ಸಂಶಯದ ಲಾಭ ಎನ್ನುತ್ತಿದ್ದರು.
ಲಾಭ ಅಂದ್ರೆ ನಷ್ಟ ಯಾರದಪ್ಪ ಎಂದು ಕೇಳಿದ್ದೆ ಒಮ್ಮೆ.
ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತ ಅಪ್ಪ
"ಮುದ್ದೆ ಆರ್ತೈತೆ, ಉಣ್ಣು" ಎಂದಿದ್ದರು.

ಮೆಟ್ಟಿಲ ಮೇಲೆ ಶೀನ ಕೇಳಿದ,
"ಅಂದ್ರೆ ಅಂವ ಹೊಡಿಲಿಲ್ಲೆ ಅಂದ್ರಾ?"
ಹಾಗಂದಿಲ್ಲ.
"ಹೊಡ್ದ ಅಂದ್ರಾ?"
ಹಾಗೂ ಅಂದಿಲ್ಲ.
ಅವನು ಬಂದರಿನ ಕಡೆ ನೋಡಿದ.
ಅದೇ ದೋಣಿಗೆ ಐಸು ತುಂಬುತ್ತಿದ್ದರು.
ಸೋಮವಾರ ಹೊರಡಬೇಕು, ಮೇಟ್ ಅವನೇ.

ಕ್ವೇಕು ನಮ್ಮನ್ನು ದಾಟಿ ಹೋದ,
ಉಣ್ಣೆಯ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು.

ಗುಮಾಸ್ತೆ ಕೊಟ್ಟ ಹಾಳೆ ತುಂಬಿದೆ.
ಭಾಷೆ: ಕನ್ನಡ. ಗಂಟೆ: ಹನ್ನೊಂದು.
ಷರಾ ಎಂಬಲ್ಲಿ
ಪೆನ್ನು ಊರಿ, ಒಂದು ಚುಕ್ಕೆ ಬಿದ್ದಮೇಲೆ
ಎತ್ತಿಕೊಂಡೆ.